ಆಕಾಶವಾಣಿ ನಿಲಯಗಳು ಒಂದು ‘ಜಾಲ’ವಾದದ್ದು ಹೇಗೆ? ಉದ್ಘಾಟನೆಯ ತಾರೀಕುಗಳಾಚೆಯ ಲೆಕ್ಕ

ಹೊಸ ಕಿವಿ (ಚರ್ಚೆ ಆರಂಭಿಸಿದವರು)

ಆಕಾಶವಾಣಿಯ ಇತಿಹಾಸ ಎಂದು ಹುಡುಕಿದರೆ ಎಲ್ಲ ಕಡೆ ಉದ್ಘಾಟನೆಯ ತಾರೀಕುಗಳೇ ಸಿಗುತ್ತವೆ. ಅವೂ ಒಂದಕ್ಕೊಂದು ತಾಳೆಯಾಗುವುದಿಲ್ಲ. ಆರಂಭ ಒಬ್ಬರ ಪ್ರಕಾರ 1923, ಇನ್ನೊಬ್ಬರ ಪ್ರಕಾರ 1927, ಮತ್ತೆ 1930, 1935, 1936.

ನನ್ನ ಪ್ರಶ್ನೆ ಎರಡು. ಈ ಇಸವಿಗಳಲ್ಲಿ ಯಾವುದು ಯಾವುದರ ಆರಂಭ? ಉಪಗ್ರಹವೇ ಇಲ್ಲದ ಕಾಲದಲ್ಲಿ ದೆಹಲಿಯ ಸ್ಟುಡಿಯೋದಲ್ಲಿ ಓದಿದ ಕನ್ನಡ ವಾರ್ತೆ ಅದೇ ಕ್ಷಣಕ್ಕೆ ಧಾರವಾಡ, ಭದ್ರಾವತಿ, ಬೆಂಗಳೂರು ನಿಲಯಗಳಿಂದ ಹೊರಡುತ್ತಿದ್ದದ್ದು ಹೇಗೆ? ನಿಲಯ ನೂರಿದ್ದರೂ ಅವುಗಳ ನಡುವೆ ಕೊಂಡಿ ಇಲ್ಲದಿದ್ದರೆ ಅದು ಜಾಲ ಅಲ್ಲವಲ್ಲ. ಆ ಕೊಂಡಿಯ ಬಗ್ಗೆ ಬಲ್ಲವರು ದಯವಿಟ್ಟು ಬರೆಯಿರಿ.

ಹಳೇ ಮರ್ಫಿ

ಮೊದಲ ಪ್ರಶ್ನೆ ನನಗಿರಲಿ. ನೀವು ಹೇಳಿದ ಐದೂ ಇಸವಿ ಸರಿ, ಬೇರೆ ಬೇರೆ ಸಂಗತಿಗಳಿಗೆ.

1923ರ ಜೂನ್‌ನಲ್ಲಿ ಬಾಂಬೆ ರೇಡಿಯೋ ಕ್ಲಬ್, ಅದೇ ವರ್ಷ ನವೆಂಬರ್‌ನಲ್ಲಿ ಕಲ್ಕತ್ತಾ ರೇಡಿಯೋ ಕ್ಲಬ್, 1924ರಲ್ಲಿ ಮದ್ರಾಸ್ ಪ್ರೆಸಿಡೆನ್ಸಿ ರೇಡಿಯೋ ಕ್ಲಬ್. ಮೂರೂ ಹವ್ಯಾಸಿಗಳ ಕೂಟ. ಮದ್ರಾಸಿನ ಕ್ಲಬ್ ದುಡ್ಡಿಲ್ಲದೆ 1927ರಲ್ಲಿ ನಿಂತುಹೋಯಿತು.

1927ರ ಜುಲೈ 23ರಂದು ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿಯ ಮುಂಬೈ ನಿಲಯವನ್ನು ವೈಸರಾಯ್ ಇರ್ವಿನ್ ಉದ್ಘಾಟಿಸಿದರು. ಕಲ್ಕತ್ತಾದ್ದು ಆಗಸ್ಟ್ 26ಕ್ಕೆ. ಎರಡೂ ಕಡೆ 1.5 ಕಿಲೋವ್ಯಾಟಿನ ಮಧ್ಯಮ ತರಂಗದ (ಮೀಡಿಯಂ ವೇವ್) ಟ್ರಾನ್ಸ್‌ಮಿಟರ್. ಇದು ಖಾಸಗಿ ಕಂಪನಿ. ರೇಡಿಯೋ ಸೆಟ್ ಇಟ್ಟುಕೊಳ್ಳುವ ಲೈಸೆನ್ಸಿನ ಶುಲ್ಕ ವರ್ಷಕ್ಕೆ 10 ರೂಪಾಯಿ, ಅದರಲ್ಲಿ 8 ರೂಪಾಯಿ ಕಂಪನಿಯ ಪಾಲು. ಮೂರು ವರ್ಷ ಕಳೆದರೂ ದೇಶದ ಲೈಸೆನ್ಸ್‌ಗಳು 8,000 ಮುಟ್ಟಲಿಲ್ಲ. ಎಂಟೆಂಟ್ಲ ಅರವತ್ನಾಲ್ಕು, ಅಂದರೆ ವರ್ಷಕ್ಕೆ 64,000 ರೂಪಾಯಿಯೂ ಇಲ್ಲ. ಅಷ್ಟರಲ್ಲಿ ಎರಡು ಮಹಾನಗರಗಳ ನಿಲಯ ನಡೆಸುವುದು ಆಗದ ಮಾತು. 1930ರ ಮಾರ್ಚ್‌ನಲ್ಲಿ ಕಂಪನಿ ಬಾಗಿಲು ಹಾಕಿತು.

1930ರ ಏಪ್ರಿಲ್ 1ರಿಂದ ಸರ್ಕಾರ ವಹಿಸಿಕೊಂಡು ‘ಇಂಡಿಯನ್ ಸ್ಟೇಟ್ ಬ್ರಾಡ್‌ಕಾಸ್ಟಿಂಗ್ ಸರ್ವಿಸ್’ ಎಂದು ಕರೆಯಿತು. ಅದೂ ಪ್ರಯೋಗವಾಗಿ, ಎರಡು ವರ್ಷಕ್ಕೆ. ಖಾಯಂ ಆದದ್ದು 1932ರಲ್ಲಿ. ಅದೇ ವರ್ಷದ ಡಿಸೆಂಬರ್‌ನಲ್ಲಿ ಬಿಬಿಸಿ ತನ್ನ ಎಂಪೈರ್ ಸರ್ವಿಸನ್ನು ಹ್ರಸ್ವ ತರಂಗದಲ್ಲಿ (ಶಾರ್ಟ್ ವೇವ್) ಆರಂಭಿಸಿತು. ಅದನ್ನು ಕೇಳಲೆಂದೇ ಇಲ್ಲಿನ ಯೂರೋಪಿಯನ್ನರು ಸೆಟ್ ಕೊಳ್ಳತೊಡಗಿದರು, 1934ರ ಕೊನೆಗೆ ಲೈಸೆನ್ಸ್ ಸಂಖ್ಯೆ 16,000 ದಾಟಿತು. ಭಾರತದ ಬಾನುಲಿ ಉಳಿಯಲು ಲಂಡನ್ನಿನ ಪ್ರಸಾರ ನೆರವಾಯಿತು ಎನ್ನುವುದನ್ನು ಮರೆಯಬಾರದು.

1935ರ ಆಗಸ್ಟ್‌ನಲ್ಲಿ ಬಿಬಿಸಿಯಿಂದ ಲಯೊನೆಲ್ ಫೀಲ್ಡನ್ ಮೊದಲ ಕಂಟ್ರೋಲರ್ ಆಗಿ ಬಂದರು. 1936ರ ಜನವರಿ 1ಕ್ಕೆ ದೆಹಲಿ ನಿಲಯ, ಜೂನ್ 8ಕ್ಕೆ ‘ಆಲ್ ಇಂಡಿಯಾ ರೇಡಿಯೋ’ ಎಂಬ ಹೆಸರು. ಆದ್ದರಿಂದ ಸಂಸ್ಥೆಗೆ 1930 ಎನ್ನಿ, ಹೆಸರಿಗೆ 1936 ಎನ್ನಿ, ನಿಯಮಿತ ಪ್ರಸಾರಕ್ಕೆ 1927 ಎನ್ನಿ. ‘ಜಾಲ’ ಎನ್ನುವ ಮಾತಿಗೆ ಈ ಯಾವುದೂ ಸಲ್ಲದು. 1936ರಲ್ಲೂ ದೆಹಲಿ, ಮುಂಬೈ, ಕಲ್ಕತ್ತಾ ತಮ್ಮ ತಮ್ಮ ಊರಿಗೆ ಮಾತ್ರ ಕೇಳುತ್ತಿದ್ದ ನಿಲಯಗಳು.

ಯಾದವಗಿರಿ

1935 ಬಿಟ್ಟುಹೋಯಿತು ಸರ್. ಅದು ಮೈಸೂರಿನದು.

1935ರ ಸೆಪ್ಟೆಂಬರ್ 10ರಂದು ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕ ಡಾ. ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆ ‘ವಿಠ್ಠಲ ವಿಹಾರ’ದಲ್ಲಿ 30 ವ್ಯಾಟಿನ ಟ್ರಾನ್ಸ್‌ಮಿಟರ್ ಇಟ್ಟು ಪ್ರಸಾರ ಆರಂಭಿಸಿದರು. ಆಮೇಲೆ 250 ವ್ಯಾಟ್ ಆಯಿತು. ನಿಲಯದ ಹೆಸರೇ ‘ಆಕಾಶವಾಣಿ’. ನಾ. ಕಸ್ತೂರಿ ಈ ಕೆಲಸಕ್ಕೆ ಹೆಗಲು ಕೊಟ್ಟವರು, ಹೆಸರಿನ ಶ್ರೇಯವನ್ನೂ ಹಲವರು ಅವರಿಗೇ ಕೊಡುತ್ತಾರೆ. 1942ರಲ್ಲಿ ಮೈಸೂರು ಸರ್ಕಾರ, 1950ರ ಏಪ್ರಿಲ್‌ನಲ್ಲಿ ಆಲ್ ಇಂಡಿಯಾ ರೇಡಿಯೋ ಅದನ್ನು ವಹಿಸಿಕೊಂಡವು. ಇಡೀ ದೇಶದ ಜಾಲ ‘ಆಕಾಶವಾಣಿ’ ಎಂಬ ಹೆಸರು ಧರಿಸಿದ್ದು 1957ರ ಹೊತ್ತಿಗೆ.

ಎರಡು ತಪ್ಪು ಬಹಳ ಓಡಾಡುತ್ತವೆ. ‘ಆಲ್ ಇಂಡಿಯಾ ರೇಡಿಯೋ ಮೈಸೂರಿನಲ್ಲಿ ಹುಟ್ಟಿತು’ ಎನ್ನುವುದು ಒಂದು. ಹುಟ್ಟಿದ್ದು ಹೆಸರು, ಸಂಸ್ಥೆ ಅಲ್ಲ. ‘ಮೈಸೂರು ನಿಲಯ 1935ರಿಂದ ನಿಲ್ಲದೆ ನಡೆದಿದೆ’ ಎನ್ನುವುದು ಇನ್ನೊಂದು. 1955ರ ನವೆಂಬರ್ 2ಕ್ಕೆ ನಿಲಯವನ್ನು ಬೆಂಗಳೂರಿಗೆ ಒಯ್ದರು. ಮೈಸೂರಿಗೆ ಮತ್ತೆ ನಿಲಯ ಬಂದದ್ದು 1974ರ ನವೆಂಬರ್‌ನಲ್ಲಿ. ನಡುವೆ ಹತ್ತೊಂಬತ್ತು ವರ್ಷ ಆ ಊರಿಗೆ ಸ್ವಂತ ದನಿ ಇರಲಿಲ್ಲ.

ಸಾಧನಕೇರಿ

ಇದರಿಂದ ಒಂದು ಸಂಗತಿ ತಾನಾಗಿ ಹೊರಡುತ್ತದೆ. ಧಾರವಾಡ ನಿಲಯದ ಆರಂಭ 1950ರ ಜನವರಿ 8. ಮೈಸೂರು ಆಲ್ ಇಂಡಿಯಾ ರೇಡಿಯೋಗೆ ಸೇರಿದ್ದು ಏಪ್ರಿಲ್‌ನಲ್ಲಿ. ಹಾಗಾಗಿ ರಾಷ್ಟ್ರೀಯ ಜಾಲದೊಳಗಿನ ಮೊದಲ ಕನ್ನಡ ನಿಲಯ ಧಾರವಾಡ, ಅದೂ ಆಗ ಮುಂಬೈ ಪ್ರಾಂತ್ಯದ ನೆಲದಲ್ಲಿ. ಬಾನುಲಿಯಲ್ಲಿ ಮೊದಲ ಕನ್ನಡ ನಿಲಯ ಯಾವುದು ಎಂದರೆ ಮೈಸೂರು. ಪ್ರಶ್ನೆ ಬೇರೆ, ಉತ್ತರ ಬೇರೆ, ಇಲ್ಲಿ ಜಗಳಕ್ಕೆ ಕಾರಣವೇ ಇಲ್ಲ.

1956ರ ಸುಮಾರಿಗೆ ಬಂದ ‘ಪ್ರೊಡ್ಯೂಸರ್’ ಯೋಜನೆಯ ಮಹತ್ವ ಇನ್ನೂ ಹೆಚ್ಚು. ಆಯಾ ಭಾಷೆಯ ದೊಡ್ಡ ಸಾಹಿತಿ, ಸಂಗೀತಗಾರರನ್ನು ನಿಲಯದೊಳಕ್ಕೇ ಕರೆತಂದರು. ಧಾರವಾಡ ನಿಲಯದಲ್ಲಿ ದ.ರಾ. ಬೇಂದ್ರೆ ಸಾಹಿತ್ಯ ಸಲಹೆಗಾರರಾಗಿದ್ದರು, ಮಲ್ಲಿಕಾರ್ಜುನ ಮನ್ಸೂರರು ಸಂಗೀತ ಸಲಹೆಗಾರರಾಗಿದ್ದರು. ಒಂದು ಜಿಲ್ಲಾ ಕೇಂದ್ರದ ಕಚೇರಿಗೆ ಆ ತೂಕ ಬಂದದ್ದು ಹೀಗೆ.

ಟವರ್ ಬುಡ

ಎರಡನೇ ಪ್ರಶ್ನೆಗೆ ಬರುತ್ತೇನೆ. ಸ್ವಲ್ಪ ಉದ್ದವಾಗುತ್ತದೆ.

ಫೀಲ್ಡನ್ ಬಂದಾಗ ಇದ್ದ ಹಣದಲ್ಲಿ ಇಡೀ ದೇಶಕ್ಕೆ ಮಧ್ಯಮ ತರಂಗದ ನಿಲಯ ಕಟ್ಟುವುದು ಆಗುತ್ತಿರಲಿಲ್ಲ. ಹಗಲು ಹೊತ್ತಿನಲ್ಲಿ ಮಧ್ಯಮ ತರಂಗ ನೆಲ ಹಿಡಿದು ಹೋಗುತ್ತದೆ, ಅದರ ವ್ಯಾಪ್ತಿ ಹತ್ತಾರು ಕಿಲೋಮೀಟರುಗಳಿಂದ ಒಂದೆರಡು ನೂರು ಕಿಲೋಮೀಟರ್. ಜೊತೆಗೆ ಉಷ್ಣವಲಯದ ಗುಡುಗು ಮಿಂಚಿನ ಗದ್ದಲ ಆ ಪಟ್ಟಿಯಲ್ಲೇ ಹೆಚ್ಚು. 1936ರಲ್ಲಿ ಮುಖ್ಯ ಎಂಜಿನಿಯರಾಗಿ ಬಂದ ಸಿ.ಡಬ್ಲ್ಯು. ಗೋಯ್ಡರ್ ಲೆಕ್ಕ ತಿರುಗಿಸಿದರು: ದೊಡ್ಡ ಊರುಗಳಿಗೆ ಮಧ್ಯಮ ತರಂಗ, ಉಳಿದ ದೇಶಕ್ಕೆ ಹ್ರಸ್ವ ತರಂಗ. 1924ರಲ್ಲಿ ಇನ್ನೂ ಶಾಲಾ ವಿದ್ಯಾರ್ಥಿಯಾಗಿದ್ದಾಗಲೇ ಲಂಡನ್ನಿನಿಂದ ನ್ಯೂಜಿಲೆಂಡಿಗೆ ಹ್ರಸ್ವ ತರಂಗದಲ್ಲಿ ಮೊದಲ ಬಾರಿ ಎರಡೂ ಕಡೆಯ ಸಂಪರ್ಕ ಸಾಧಿಸಿದವರು ಇದೇ ಗೋಯ್ಡರ್. ಆ ಅಲೆಯ ಮೇಲೆ ಅವರಿಗಿದ್ದ ಭರವಸೆ ಅನುಭವದ್ದು. 1937ರ ಕೊನೆಯಿಂದ 1938ರೊಳಗೆ ದೆಹಲಿ, ಮುಂಬೈ, ಮದ್ರಾಸ್, ಕಲ್ಕತ್ತಾದಲ್ಲಿ 10 ಕಿಲೋವ್ಯಾಟಿನ ಹ್ರಸ್ವ ತರಂಗ ಟ್ರಾನ್ಸ್‌ಮಿಟರ್ ಎದ್ದವು. ನನ್ನ ಲೆಕ್ಕದಲ್ಲಿ ಜಾಲ ಹುಟ್ಟಿದ್ದು ಆಗ.

ಇದೇ ಅಲೆ ಮುಂದೆ ರಿಲೇಗೂ, ಅಂದರೆ ಒಂದು ನಿಲಯದ ಪ್ರಸಾರವನ್ನು ಇನ್ನೊಂದು ಹಿಡಿದು ಮರುಪ್ರಸಾರ ಮಾಡುವುದಕ್ಕೂ, ಒದಗಿತು. ಪ್ರಾದೇಶಿಕ ನಿಲಯ ದೆಹಲಿಯನ್ನು ಎತ್ತಿಕೊಳ್ಳುವ ಕೆಲಸ ಹೀಗೆ ನಡೆಯುತ್ತಿತ್ತು:

ದೆಹಲಿಯ ಪ್ರಸಾರ ಹಿಡಿಯುವ ರಿಸೀವಿಂಗ್ ಸೆಂಟರ್ ನಿಲಯದ ಟ್ರಾನ್ಸ್‌ಮಿಟರಿನಿಂದ ದೂರ ಇರಬೇಕು. ಪಕ್ಕದಲ್ಲೇ ಕಿಲೋವ್ಯಾಟ್‌ಗಟ್ಟಲೆ ಶಕ್ತಿ ಹೊರಡುತ್ತಿದ್ದರೆ 1,500 ಕಿ.ಮೀ. ದೂರದ ಸಣ್ಣ ಸಂಕೇತ ಹಿಡಿಯುವ ರಿಸೀವರಿನ ಮುಂದಿನ ಹಂತ ಕಟ್ಟಿಕೊಂಡುಬಿಡುತ್ತದೆ. ಒಂದೇ ಕಾರ್ಯಕ್ರಮ ದೆಹಲಿಯಿಂದ ಎರಡು ಮೂರು ಪಟ್ಟಿಗಳಲ್ಲಿ ಬರುತ್ತದೆ. 31 ಮೀಟರಿಗೆ ಒಂದು, 41 ಮೀಟರಿಗೆ ಒಂದು ರಿಸೀವರ್ ತಿರುಗಿಸಿಟ್ಟು ಡ್ಯೂಟಿಯಲ್ಲಿರುವವರು ಎರಡನ್ನೂ ಕೇಳುತ್ತ ಚೆನ್ನಾಗಿರುವುದನ್ನು ಲೈನಿಗೆ ಕೊಡುತ್ತಾರೆ. ಅಲ್ಲಿಂದ ತಂತಿಯಲ್ಲಿ ಕಂಟ್ರೋಲ್ ರೂಮಿಗೆ, ಕಂಟ್ರೋಲ್ ರೂಮಿನಿಂದ ಟ್ರಾನ್ಸ್‌ಮಿಟರಿಗೆ. ಕಾಯ್ದಿರಿಸಿದ ಎರಡನೇ ದಾರಿ ಅಂಚೆ ಮತ್ತು ತಂತಿ ಇಲಾಖೆಯ ಟ್ರಂಕ್ ಲೈನ್. ಮಾಮೂಲಿ ದೂರವಾಣಿ ಲೈನ್ 300ರಿಂದ 3,400 ಹರ್ಟ್ಸ್ ಮಾತ್ರ ಸಾಗಿಸುತ್ತದೆ. ವಾರ್ತೆಗೆ ಸಾಕು, ತಂಬೂರಿಗೆ ಸಾಲದು. ಎರಡೂ ಕೈಕೊಟ್ಟರೆ ಫೇಡರ್ ಇಳಿಸಿ ವಾದ್ಯಸಂಗೀತದ ಡಿಸ್ಕ್ ಹಾಕಿ, ಅಡಚಣೆಗೆ ವಿಷಾದ ಹೇಳುವುದು.

ಎಲ್ಲಿ ಕೆಡುತ್ತಿತ್ತು? ಬೆಳಗಿನ ವಾರ್ತೆಯಲ್ಲಿ. ಹ್ರಸ್ವ ತರಂಗವನ್ನು ಪುಟಿಸಿ ದೂರಕ್ಕೆ ಇಳಿಸುವ ಮೇಲಿನ ವಾಯುಪದರ, ಅಂದರೆ ಅಯಾನುಗೋಳ, ಸೂರ್ಯೋದಯದ ಹೊತ್ತಿಗೆ ನಿಮಿಷ ನಿಮಿಷಕ್ಕೆ ಬದಲಾಗುತ್ತದೆ. ರಾತ್ರಿ ಚೆನ್ನಾಗಿದ್ದ ಕೆಳಗಿನ ಕಂಪನಾಂಕ ಹೀರಿಕೊಂಡು ಹೋಗುತ್ತಿರುತ್ತದೆ, ಹಗಲಿನ ಮೇಲಿನ ಕಂಪನಾಂಕ ಇನ್ನೂ ನೆಲೆಗೊಂಡಿರುವುದಿಲ್ಲ. ಎರಡು ದಾರಿಯಿಂದ ಬಂದ ಅಲೆಗಳು ಒಂದನ್ನೊಂದು ಕಡಿದು ದನಿಯನ್ನು ಹೊತ್ತು ತರುವ ಮೂಲ ಅಲೆ (ಕ್ಯಾರಿಯರ್) ಮಾತ್ರ ಕುಸಿದಾಗ ವಾಚಕರ ದನಿ ನೀರೊಳಗಿಂದ ಬಂದ ಹಾಗೆ ಒಡೆಯುತ್ತದೆ. ದನಿ ಸಣ್ಣಗಾಗಿ ದೊಡ್ಡದಾಗುವುದಕ್ಕಿಂತ ಇದು ಕೆಟ್ಟದ್ದು, ಏಕೆಂದರೆ ವಾಲ್ಯೂಮ್ ಏರಿಸಿದರೆ ಸರಿಹೋಗದು.

ಕಡಲತಡಿ

ಟವರ್ ಬುಡ ಅವರೇ, ‘ನೆಲ ಹಿಡಿದು ಹೋಗುತ್ತದೆ’ ಎಂದಿರಿ. ಯಾವ ನೆಲ ಎನ್ನುವುದೂ ಸೇರಿಸಬೇಕು. ಉಪ್ಪುನೀರಿನ ಮೇಲೆ ಮಧ್ಯಮ ತರಂಗ ಬಹುದೂರ ಸಾಗುತ್ತದೆ. ಕಲ್ಲು, ಒಣ ಜಂಬಿಟ್ಟಿಗೆಯ ನೆಲದಲ್ಲಿ ಬೇಗ ಸೋಲುತ್ತದೆ. ಕಂಪನಾಂಕ ಹೆಚ್ಚಿದಷ್ಟೂ ಸೋಲು ಹೆಚ್ಚು. 1976ರ ಡಿಸೆಂಬರ್‌ನಲ್ಲಿ ಆರಂಭವಾದ ಮಂಗಳೂರು ನಿಲಯದ ಮಧ್ಯಮ ತರಂಗದ ಟ್ರಾನ್ಸ್‌ಮಿಟರ್ ಇರುವುದು ಉಡುಪಿಯ ಬ್ರಹ್ಮಾವರದಲ್ಲಿ, ಕಂಪನಾಂಕ 1089 ಕಿಲೋಹರ್ಟ್ಸ್. ಕರಾವಳಿಯುದ್ದಕ್ಕೂ ಹಾಯಾಗಿ ಹೋಗುವ ಅದೇ ಅಲೆ ಘಟ್ಟ ಹತ್ತುವಾಗ ಕುಗ್ಗುತ್ತದೆ. ಬೆಂಗಳೂರಿನ 612 ಕೆಳಗಿನ ಕಂಪನಾಂಕ, 200 ಕಿಲೋವ್ಯಾಟ್. ಎರಡನ್ನೂ ಹೋಲಿಸುವಾಗ ವ್ಯಾಟ್ ಒಂದನ್ನೇ ನೋಡಬಾರದು.

ಟವರ್ ಬುಡ

ಖಂಡಿತ. ಗೋಪುರದ ಅಳತೆಯೂ ಕಂಪನಾಂಕದಿಂದಲೇ ಬರುತ್ತದೆ. ಅಲೆಯ ವೇಗ ಸೆಕೆಂಡಿಗೆ 3,00,000 ಕಿ.ಮೀ., ಅದನ್ನು 612ರಿಂದ ಭಾಗಿಸಿದರೆ ಅಲೆಯುದ್ದ 490 ಮೀಟರ್, ಅದರ ಕಾಲುಭಾಗ ಸುಮಾರು 122 ಮೀಟರ್. ಧಾರವಾಡದ 765ಕ್ಕೆ 98 ಮೀಟರ್ ಸಾಕು. ಇಲ್ಲಿ ಗೋಪುರವೇ ಆಂಟೆನಾ, ಬುಡದಲ್ಲಿ ಪಿಂಗಾಣಿ ಇನ್ಸುಲೇಟರ್ ಮೇಲೆ ನಿಂತಿರುತ್ತದೆ. ಬುಡದಿಂದ ಸುತ್ತಲೂ ಕಿರಣಗಳ ಹಾಗೆ ತಾಮ್ರದ ತಂತಿ ಹೂಳಬೇಕು. ರೂಢಿಯ ಲೆಕ್ಕ 120 ತಂತಿ, ಒಂದೊಂದೂ ಕಾಲು ಅಲೆಯುದ್ದ. 612ಕ್ಕೆ ಅದು 14.7 ಕಿಲೋಮೀಟರ್ ತಾಮ್ರ! ಈ ತಂತಿ ತುಕ್ಕು ಹಿಡಿದರೆ ಅಥವಾ ಯಾರಾದರೂ ಅಗೆದು ಕದ್ದರೆ ಟ್ರಾನ್ಸ್‌ಮಿಟರಿನ ಮೀಟರ್ ಪೂರ್ತಿ ಶಕ್ತಿ ತೋರಿಸುತ್ತಿದ್ದರೂ ಶಕ್ತಿಯ ಒಂದು ಪಾಲು ಮಣ್ಣನ್ನು ಬಿಸಿ ಮಾಡುವುದಕ್ಕೇ ಹೋಗುತ್ತದೆ. ‘ಮೊದಲಿನಷ್ಟು ಕೇಳುತ್ತಿಲ್ಲ’ ಎಂಬ ದೂರಿಗೆ ಇದೂ ಒಂದು ಕಾರಣ ಆಗಬಹುದು.

ಹೊಸ ಕಿವಿ

ಇಷ್ಟು ವಿವರ ಒಂದೇ ಕಡೆ ಎಲ್ಲೂ ಸಿಕ್ಕಿರಲಿಲ್ಲ, ವಂದನೆಗಳು. ಹಾಗಾದರೆ ಸ್ವಾತಂತ್ರ್ಯದ ಹೊತ್ತಿಗೆ ಜಾಲ ಎಷ್ಟು ದೊಡ್ಡದಿತ್ತು? ಸಿನಿಮಾ ಹಾಡಿನ ನಿಷೇಧ, ರೇಡಿಯೋ ಸಿಲೋನ್, ವಿವಿಧ ಭಾರತಿ ಈ ಸರಣಿಯಲ್ಲೂ ಅಲೆಯ ಪಾತ್ರ ಇದೆಯೇ?

ಹಳೇ ಮರ್ಫಿ

1947ರಲ್ಲಿ ಭಾರತದ ಪಾಲಿಗೆ ಉಳಿದದ್ದು ಆರು ನಿಲಯ: ದೆಹಲಿ, ಮುಂಬೈ, ಕಲ್ಕತ್ತಾ, ಮದ್ರಾಸ್, ತಿರುಚಿರಾಪಳ್ಳಿ, ಲಖನೌ. ಲಾಹೋರ್, ಪೇಶಾವರ, ಢಾಕಾ ಆಚೆಗೆ ಹೋದವು. ಒಟ್ಟು 18 ಟ್ರಾನ್ಸ್‌ಮಿಟರ್, ದೇಶದ ವಿಸ್ತೀರ್ಣದ ಶೇ. 2.5, ಜನಸಂಖ್ಯೆಯ ಶೇ. 11. ಆಮೇಲೆ ಸಂಸ್ಥಾನಗಳ ನಿಲಯಗಳು ಸೇರಿದವು: ಮೈಸೂರು, ಬರೋಡ, ತಿರುವನಂತಪುರ, ಹೈದರಾಬಾದ್, ಔರಂಗಾಬಾದ್.

ಸಿನಿಮಾ ಹಾಡಿನ ವಿಷಯದಲ್ಲಿ ‘ನಿಷೇಧ’ ಎನ್ನುವುದು ಪೂರ್ತಿ ಸರಿಯಲ್ಲ. 1952ರಲ್ಲಿ ಬಿ.ವಿ. ಕೇಸ್ಕರ್ ಕೇಂದ್ರದ ವಾರ್ತಾ ಮತ್ತು ಪ್ರಸಾರ ಮಂತ್ರಿಯಾದ ಮೇಲೆ ಚಿತ್ರಗೀತೆಯ ಸಮಯ ಕಡಿತವಾಯಿತು, ಹಾಡುಗಳನ್ನು ಸೋಸತೊಡಗಿದರು, ಪ್ರಸಾರದಲ್ಲಿ ಚಿತ್ರದ ಹೆಸರು ಹೇಳುವುದು ಜಾಹೀರಾತು ಎಂದು ಅದನ್ನೂ ನಿಲ್ಲಿಸಿದರು. ನಿರ್ಮಾಪಕರು ಸಿಟ್ಟಿಗೆದ್ದು ಹಾಡು ಬಳಸುವ ಅನುಮತಿಯನ್ನೇ ಹಿಂತೆಗೆದುಕೊಂಡರು. ಹಾಡು ನಿಂತದ್ದು ಈ ಎರಡೂ ಸೇರಿ. ಅದೇ 1952ರ ಜುಲೈನಲ್ಲಿ ಸಂಗೀತದ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾಯಿತು. ಶಾಸ್ತ್ರೀಯ ಸಂಗೀತಕ್ಕೆ ಕೇಸ್ಕರ್ ಕಾಲದಿಂದ ಆದ ಉಪಕಾರವನ್ನೂ ಇದರ ಜೊತೆಗೇ ಹೇಳದಿದ್ದರೆ ಅನ್ಯಾಯವಾಗುತ್ತದೆ.

ಮೀಟರ್ ಬ್ಯಾಂಡ್

ಅಲೆಯ ಪಾತ್ರ ಇದ್ದೇ ಇದೆ. ಕೊಲಂಬೊ ಹತ್ತಿರದ ಏಕಲದಲ್ಲಿ ಎರಡನೇ ಮಹಾಯುದ್ಧದ ಸೈನಿಕರಿಗೆಂದು ಹಾಕಿದ್ದ 100 ಕಿಲೋವ್ಯಾಟಿನ ಹ್ರಸ್ವ ತರಂಗ ಟ್ರಾನ್ಸ್‌ಮಿಟರ್ ಸಿಲೋನಿಗೆ ಉಳಿಯಿತು. ಭಾರತ ಇಡೀ ಅದರ ವ್ಯಾಪ್ತಿಗೆ ಬರುತ್ತಿತ್ತು. 1952ರ ಡಿಸೆಂಬರ್‌ನಲ್ಲಿ ಅಮೀನ್ ಸಯಾನಿ ನಡೆಸಿಕೊಡುತ್ತಿದ್ದ ಹಿಂದಿ ಚಿತ್ರಗೀತೆಗಳ ‘ಬಿನಾಕಾ ಗೀತಮಾಲಾ’ ಅಲ್ಲಿಂದ ಶುರುವಾದಾಗ ಬುಧವಾರ ರಾತ್ರಿ ದೇಶದ ಹ್ರಸ್ವ ತರಂಗದ ಸೆಟ್‌ಗಳೆಲ್ಲ ಅತ್ತ ತಿರುಗಿದವು. ಧ್ವನಿಮುದ್ರಣ ಆಗುತ್ತಿದ್ದದ್ದು ಮುಂಬೈಯಲ್ಲಿ, ಪ್ರಸಾರ ಕೊಲಂಬೊದಿಂದ.

1957ರ ಅಕ್ಟೋಬರ್ 3ಕ್ಕೆ ವಿವಿಧ ಭಾರತಿ ಬಂದಾಗ ಮುಂಬೈ ಮತ್ತು ಮದ್ರಾಸಿನ ಹ್ರಸ್ವ ತರಂಗದಲ್ಲೇ ಬಂದದ್ದು ಅದಕ್ಕೇ. ಸಿಲೋನಿನ ಕೇಳುಗರು ಇದ್ದದ್ದೇ ಆ ಪಟ್ಟಿಯಲ್ಲಿ. ಮಧ್ಯಮ ತರಂಗದ ಸಣ್ಣ ಟ್ರಾನ್ಸ್‌ಮಿಟರ್‌ಗಳು ಊರೂರಿಗೆ ಬಂದದ್ದು ಆಮೇಲೆ. ಜಾಹೀರಾತು ಶುರುವಾದದ್ದು 1967ರ ನವೆಂಬರ್ 1ಕ್ಕೆ, ಮುಂಬೈ, ಪುಣೆ, ನಾಗಪುರದಿಂದ.

ಟೇಪ್ ಕತ್ತರಿ

ವಿವಿಧ ಭಾರತಿಯ ಕೊಂಡಿ ಅಲೆಯದ್ದಲ್ಲ, ಟೇಪಿನದು. ಮುಂಬೈಯಲ್ಲಿ ಮುದ್ರಿಸಿ, ಪ್ರತಿ ತೆಗೆದು, ಪಾರ್ಸೆಲ್ ಮಾಡಿ ಊರೂರಿನ ಕೇಂದ್ರಗಳಿಗೆ ಕಳಿಸುತ್ತಿದ್ದರು. ಇದನ್ನೂ ಜಾಲ ಅನ್ನಲೇಬೇಕು, ನಿಧಾನದ ಜಾಲ.

ಲೆಕ್ಕ ಹೀಗೆ: ಕಾಲು ಇಂಚಿನ ಟೇಪ್, ವೇಗ ಸೆಕೆಂಡಿಗೆ 7.5 ಇಂಚು. 7 ಇಂಚಿನ ರೀಲಿನಲ್ಲಿ 1,200 ಅಡಿ. ಅಂದರೆ 14,400 ಇಂಚು, 1,920 ಸೆಕೆಂಡ್, 32 ನಿಮಿಷ. ಅರ್ಧ ಗಂಟೆಯ ಕಾರ್ಯಕ್ರಮ ಹಿಡಿಸಿ ಮೊದಲಿಗೂ ಕೊನೆಗೂ ದನಿ ಮುದ್ರಿಸದ ಲೀಡರ್ ಟೇಪಿಗೆ ಜಾಗ ಉಳಿಯುತ್ತದೆ. ಸಂಕಲನಕ್ಕೆ ಬ್ಲೇಡು ಮತ್ತು ಓರೆ ಗೆರೆ ಇರುವ ಅಚ್ಚು. 45 ಡಿಗ್ರಿ ಓರೆಯಾಗಿ ಕತ್ತರಿಸಿದರೆ ಒಂದು ದನಿ ಇನ್ನೊಂದರೊಳಗೆ ಜಾರುತ್ತದೆ, ನೇರ ಕತ್ತರಿಸಿದರೆ ಟಪ್ ಎನ್ನುತ್ತದೆ. ಬ್ಲೇಡಿಗೆ ಅಯಸ್ಕಾಂತ ಗುಣ ಹತ್ತಿದ್ದರೆ ಪ್ರತಿ ಜೋಡಣೆಯಲ್ಲೂ ಆ ಟಪ್ ಸದ್ದು ಕೂರುತ್ತದೆ. ಅದನ್ನು ಆಗಾಗ ಡಿಮ್ಯಾಗ್ನೆಟೈಸ್ ಮಾಡಬೇಕು.

ನಮ್ಮ ದೊಡ್ಡ ನಷ್ಟವೂ ಇಲ್ಲೇ ಆದದ್ದು. ಟೇಪ್ ದುಬಾರಿ, ಆಮದಿನ ಸರಕು. ಪ್ರಸಾರ ಮುಗಿದ ಮೇಲೆ ಅಳಿಸಿ ಮತ್ತೆ ಬಳಸುವುದೇ ಪದ್ಧತಿ. ‘ಕಾಯ್ದಿಡಿ’ ಎಂದು ಚೀಟಿ ಬಿದ್ದದ್ದು ಮಾತ್ರ ಉಳಿಯಿತು. ಮಹತ್ವದ ಎಷ್ಟೋ ಭಾಷಣ, ನಾಟಕ, ಕಚೇರಿಗಳು ಒಂದೇ ಬಾರಿ ಕೇಳಿಸಿ ಹೋದದ್ದು ಇದರಿಂದ. ಯಾರ ಮನೆಯಲ್ಲಾದರೂ ರೇಡಿಯೋದಿಂದ ಹಿಡಿದ ಹಳೆಯ ಸ್ಪೂಲ್, ಕ್ಯಾಸೆಟ್ ಇದ್ದರೆ ದಯವಿಟ್ಟು ಎಸೆಯಬೇಡಿ.

ಹೊಸ ಕಿವಿ

ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸುವಾಗ ಏನು ಗಮನಿಸಬೇಕು?

ಟೇಪ್ ಕತ್ತರಿ

ಮೊದಲು ಕ್ಯಾಸೆಟ್ಟನ್ನು ಒಮ್ಮೆ ಪೂರ್ತಿ ಮುಂದಕ್ಕೆ, ಒಮ್ಮೆ ಪೂರ್ತಿ ಹಿಂದಕ್ಕೆ ಓಡಿಸಿ. ವರ್ಷಗಟ್ಟಲೆ ಅಂಟಿಕೊಂಡ ಸುತ್ತುಗಳು ಬಿಡುತ್ತವೆ. ಟೇಪ್ ಓದುವ ಹೆಡ್ ಮತ್ತು ಟೇಪನ್ನು ಎಳೆಯುವ ಕ್ಯಾಪ್‌ಸ್ಟನ್ ಕಡ್ಡಿಯನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ. ರಬ್ಬರಿನ ಪಿಂಚ್ ರೋಲರಿಗೆ ಆಲ್ಕೋಹಾಲ್ ಹೆಚ್ಚು ಬೇಡ, ಗಟ್ಟಿಯಾಗುತ್ತದೆ.

ಹೆಡ್ಡಿನ ಪಕ್ಕ ಸ್ಪ್ರಿಂಗ್ ಇರುವ ಸ್ಕ್ರೂ ಒಂದಿರುತ್ತದೆ. ಅದು ಅಝಿಮತ್, ಅಂದರೆ ಹೆಡ್ಡಿನ ಓರೆ. ಮುದ್ರಿಸಿದ ಯಂತ್ರ ಬೇರೆ, ನುಡಿಸುವ ಯಂತ್ರ ಬೇರೆ ಆದ್ದರಿಂದ ಪ್ರತಿ ಕ್ಯಾಸೆಟ್ಟಿಗೂ ಇದನ್ನು ಹೊಂದಿಸಬೇಕು. ಎರಡೂ ಚಾನಲ್ ಮೋನೋ ಮಾಡಿ, ಸ್ಕ್ರೂ ಕೂದಲೆಳೆಯಷ್ಟು ತಿರುಗಿಸುತ್ತ, ‘ಸ’ಕಾರ ಅತಿ ಸ್ಪಷ್ಟವಾಗಿ ಕೇಳುವಲ್ಲಿ ನಿಲ್ಲಿಸಿ. ಈ ಒಂದು ಕೆಲಸ ಮಾಡದೆ ಮಂದವಾಗಿ ಇಳಿಸಿದರೆ ಆಮೇಲೆ ಯಾವ ಸಾಫ್ಟ್‌ವೇರೂ ಅದನ್ನು ಮರಳಿ ತರದು.

24 ಬಿಟ್, 48 ಕಿಲೋಹರ್ಟ್ಸ್, ವೇವ್ ಫೈಲ್. ಮೂಲಪ್ರತಿಗೆ ಗದ್ದಲ ತೆಗೆಯುವ ಫಿಲ್ಟರ್ ಹಾಕಬೇಡಿ, ಪ್ರತಿಯ ಮೇಲೆ ಮಾಡಿ. ಮಧ್ಯಮ ತರಂಗದಿಂದ ಹಿಡಿದದ್ದರಲ್ಲಿ 5 ಕಿಲೋಹರ್ಟ್ಸ್‌ಗಿಂತ ಮೇಲೆ ಕಾರ್ಯಕ್ರಮದ ದನಿ ಬಹುತೇಕ ಇರುವುದೇ ಇಲ್ಲ, ಟ್ರೆಬಲ್ ಏರಿಸಿದರೆ ಬರೀ ಟೇಪಿನ ಸುಯ್ಯೆನ್ನುವ ಸದ್ದು ಏರುತ್ತದೆ. ಉದ್ಘೋಷಣೆಯನ್ನು ಮಾತ್ರ ಕತ್ತರಿಸಬೇಡಿ. ತಾರೀಕು, ನಿಲಯ, ಕಲಾವಿದರ ಹೆಸರು ಇರುವುದು ಅದರಲ್ಲೇ.

ಟವರ್ ಬುಡ

ಮತ್ತೆ ಕೊಂಡಿಗೆ ಬರೋಣ. 1983ರ ಆಗಸ್ಟ್‌ನಲ್ಲಿ ಹಾರಿದ ಇನ್ಸಾಟ್-1ಬಿ ಉಪಗ್ರಹದಲ್ಲಿ ರೇಡಿಯೋ ಜಾಲಕ್ಕೆಂದೇ ಎಸ್ ಬ್ಯಾಂಡ್ ಎಂಬ ಕಂಪನಾಂಕ ಪಟ್ಟಿಯ ಚಾನಲ್‌ಗಳಿದ್ದವು. ಅಲ್ಲಿಗೆ ಹ್ರಸ್ವ ತರಂಗದ ರಿಲೇ ಮುಖ್ಯ ದಾರಿಯಿಂದ ಎರಡನೇ ದಾರಿಯಾಗಿ ಸರಿಯಿತು. ನಿಲಯದ ಮುಂದೆ ಡಿಶ್ ಬಂತು, ದೆಹಲಿಯ ದನಿ ಪಕ್ಕದ ಕೋಣೆಯಿಂದ ಬಂದ ಹಾಗೆ ಆಯಿತು. ವಿವಿಧ ಭಾರತಿಯ ಟೇಪಿನ ಪಾರ್ಸೆಲ್‌ಗಳೂ ಕ್ರಮೇಣ ನಿಂತವು.

ಇದರ ಜೊತೆ ಇನ್ನೊಂದು ದೊಡ್ಡ ಪ್ರಯೋಗ ನಡೆಯಿತು. 1988ರ ಮೇನಲ್ಲಿ ನಾಗಪುರದಿಂದ ರಾತ್ರಿ ಹೊತ್ತಿನ ರಾಷ್ಟ್ರೀಯ ಚಾನಲ್, 1566 ಕಿಲೋಹರ್ಟ್ಸ್, 1,000 ಕಿಲೋವ್ಯಾಟ್. ನಾಗಪುರವೇ ಯಾಕೆ, ರಾತ್ರಿಯೇ ಯಾಕೆ ಎಂದರೆ, ಕತ್ತಲಾದ ಮೇಲೆ, ಹಗಲಲ್ಲಿ ಅಲೆಯನ್ನು ಹೀರುವ ಅಯಾನುಗೋಳದ ಡಿ ಪದರ ಕರಗಿ ಮಧ್ಯಮ ತರಂಗ ಮೇಲಿಂದ ಪುಟಿದು ನೂರಾರು ಕಿಲೋಮೀಟರ್ ಆಚೆ ಇಳಿಯುತ್ತದೆ. ದೇಶದ ನಡುಮಧ್ಯದಿಂದ ಬಿಟ್ಟರೆ ನಾಲ್ಕೂ ಕಡೆ ತಲಪುತ್ತದೆ. ನೆಲದ ಅಲೆ ಮುಗಿಯುವ, ಆಕಾಶದ ಅಲೆ ಇಳಿಯಲು ಶುರುವಾಗುವ ಉಂಗುರದಲ್ಲಿ ಮಾತ್ರ ಎರಡೂ ಬೆರೆತು ದನಿ ಏರಿಳಿಯುತ್ತದೆ. 2018ರ ಕೊನೆಯಲ್ಲಿ ಈ ಚಾನಲ್ ಮುಚ್ಚುವ ಆದೇಶ ಬಂತು. ಇಡೀ ದೇಶ ಒಂದೇ ಕಂಪನಾಂಕದಲ್ಲಿ ಒಂದೇ ಗೋಪುರದಿಂದ ಕೇಳಬಹುದಾಗಿದ್ದ ಸೇವೆ ಅದು. ಮುಚ್ಚಬಾರದಿತ್ತು ಎನ್ನುವುದೇ ನನ್ನ ಅಭಿಪ್ರಾಯ.

ಮೀಟರ್ ಬ್ಯಾಂಡ್

ಅದರ ವಿದ್ಯುತ್ ಖರ್ಚನ್ನೂ ನೋಡಬೇಕಲ್ಲವೇ? ಬೆಂಗಳೂರಿನಂಥ 200 ಕಿಲೋವ್ಯಾಟಿನದ್ದೇ ಗೋಡೆಯಿಂದ 300 ಕಿಲೋವ್ಯಾಟ್ ಎಳೆಯುತ್ತದೆ ಎಂದುಕೊಳ್ಳಿ. ದಿನಕ್ಕೆ 17 ಗಂಟೆಗೆ 5,100 ಯೂನಿಟ್. ಅದರ ಐದು ಪಟ್ಟು ಲೆಕ್ಕ ಹಾಕಿ.

ಟವರ್ ಬುಡ

ಖರ್ಚು ನಿಜ. ಅನಲಾಗ್ ಪ್ರಸಾರದಲ್ಲಿ ಪೂರ್ತಿ ಮಾಡ್ಯುಲೇಷನ್ ಇದ್ದಾಗಲೂ ಶಕ್ತಿಯ ಮೂರರಲ್ಲಿ ಎರಡು ಪಾಲು ಬರೀ ಕ್ಯಾರಿಯರಿಗೆ ಹೋಗುತ್ತದೆ, ಅದರಲ್ಲಿ ದನಿಯೇ ಇಲ್ಲ. ಡಿಆರ್‌ಎಂ (ಡಿಜಿಟಲ್ ರೇಡಿಯೋ ಮೊಂಡಿಯಾಲ್) ಎಂಬ ಡಿಜಿಟಲ್ ಪ್ರಸಾರ ಇದಕ್ಕೇ ಬಂದದ್ದು. ಆದರೆ ಕೇಳುಗರ ಬಳಿ ಸೆಟ್ ಇಲ್ಲದೆ ಉಳಿತಾಯ ಮಾಡಿ ಏನು ಫಲ?

ಕಡಲತಡಿ

ಎಫ್‌ಎಂ ಬಗ್ಗೆ ಯಾರೂ ಬರೆಯಲಿಲ್ಲ. ಮೊದಲ ಎಫ್‌ಎಂ 1977ರ ಜುಲೈನಲ್ಲಿ ಮದ್ರಾಸಿನಿಂದ. ಜನರಿಗೆ ಮುಟ್ಟಿದ್ದು ಮಾತ್ರ ತೊಂಬತ್ತರ ದಶಕದಲ್ಲಿ. 1995ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಅಲೆಗಳು ಸಾರ್ವಜನಿಕ ಸ್ವತ್ತು ಎಂದಿತು. 1997ರ ನವೆಂಬರ್‌ನಲ್ಲಿ ಪ್ರಸಾರ ಭಾರತಿ ಜಾರಿಗೆ ಬಂತು. ದೇಶದ ಮೊದಲ ಖಾಸಗಿ ಎಫ್‌ಎಂ 2001ರ ಜುಲೈನಲ್ಲಿ ಶುರುವಾದದ್ದು ಬೆಂಗಳೂರಿನಲ್ಲೇ.

ಎಫ್‌ಎಂ ನೇರ ನೋಟದ ಅಲೆ. ಗೋಪುರದ ಎತ್ತರ ಮತ್ತು ಕೇಳುಗರ ಆಂಟೆನಾ ಎತ್ತರ ಮೀಟರಿನಲ್ಲಿ ತೆಗೆದುಕೊಂಡು ಎರಡರ ವರ್ಗಮೂಲ ಕೂಡಿಸಿ 4.12ರಿಂದ ಗುಣಿಸಿ. 100 ಮೀಟರ್ ಗೋಪುರ, 9 ಮೀಟರ್ ಎತ್ತರದ ಆಂಟೆನಾ: 10 ಕೂಡಿಸು 3, ಗುಣಿಸು 4.12, ಸುಮಾರು 54 ಕಿ.ಮೀ. ಅದೂ ಬಯಲುಸೀಮೆಯಲ್ಲಿ. ನಡುವೆ ಗುಡ್ಡ ಬಂದರೆ ಅಲ್ಲಿಗೆ ಮುಗಿಯಿತು. ಮಡಿಕೇರಿ, ಕಾರವಾರ, ಹಾಸನ, ಚಿತ್ರದುರ್ಗಕ್ಕೆ ಬೇರೆ ಬೇರೆ ಎಫ್‌ಎಂ ನಿಲಯ ಬೇಕಾದದ್ದು ಇದರಿಂದ. ಒಂದು 200 ಕಿಲೋವ್ಯಾಟಿನ ಮಧ್ಯಮ ತರಂಗ ನಿಲಯದ ಹಗಲಿನ ವ್ಯಾಪ್ತಿ ತುಂಬಲು ಹತ್ತಾರು ಎಫ್‌ಎಂ ಗೋಪುರ ಬೇಕು. ಮಧ್ಯಮ ತರಂಗ ನಿಲ್ಲಿಸುವ ಮಾತು ಬಂದಾಗಲೆಲ್ಲ ಮಲೆನಾಡಿನ ಕಣಿವೆಗಳ ಈ ಲೆಕ್ಕವನ್ನು ಮೇಜಿನ ಮೇಲೆ ಇಡಬೇಕು.

ಹೊಸ ಕಿವಿ

ಒಂದು ಸಣ್ಣ ಅನುಮಾನ. ಹೊರದೇಶದಿಂದ ತಂದ ಡಿಜಿಟಲ್ ಸೆಟ್ಟುಗಳಲ್ಲಿ 612 ಸಿಗುವುದೇ ಇಲ್ಲ, 610 ಅಥವಾ 620 ಮಾತ್ರ ಬರುತ್ತದೆ, ದನಿ ಒಡೆದಿರುತ್ತದೆ ಎಂದು ಕೆಲವರು ಕೇಳುತ್ತಾರೆ.

ಮೀಟರ್ ಬ್ಯಾಂಡ್

ಸೆಟ್ ಅಮೆರಿಕದ 10 ಕಿಲೋಹರ್ಟ್ಸ್ ಹೆಜ್ಜೆಯಲ್ಲಿದೆ. ನಮ್ಮ ವಲಯದಲ್ಲಿ 1978ರ ನವೆಂಬರ್‌ನಿಂದ ಮಧ್ಯಮ ತರಂಗದ ಕಂಪನಾಂಕಗಳ ಅಂತರ 9 ಕಿಲೋಹರ್ಟ್ಸ್. ಪರೀಕ್ಷೆ ಸುಲಭ: 612, 675, 765, 1089, 1107, 1566 ಎಲ್ಲವೂ 9ರಿಂದ ಶೇಷವಿಲ್ಲದೆ ಭಾಗವಾಗುತ್ತವೆ. ಸೆಟ್ಟಿನ ಮೆನುವಿನಲ್ಲೋ ಬೆನ್ನಿನ ಸ್ವಿಚ್ಚಿನಲ್ಲೋ 9/10 ಆಯ್ಕೆ ಇರುತ್ತದೆ. ಕೆಲವದರಲ್ಲಿ ಆಫ್ ಮಾಡಿ ಒಂದು ಗುಂಡಿ ಒತ್ತಿ ಹಿಡಿಯಬೇಕು. ಬದಲಿಸಿದರೆ ಹಲವು ಸೆಟ್ಟುಗಳಲ್ಲಿ ಉಳಿಸಿಟ್ಟ ನಿಲಯಗಳು ಅಳಿಸಿಹೋಗುತ್ತವೆ, ಮೊದಲೇ ಬರೆದಿಟ್ಟುಕೊಳ್ಳಿ.

ಆಮೇಲೂ ಬರೀ ಗೊರಗೊರ ಎಂದರೆ ಮನೆಯ ಎಲ್‌ಇಡಿ ಬಲ್ಬ್, ಮೊಬೈಲ್ ಚಾರ್ಜರ್, ಇನ್ವರ್ಟರ್ ಒಂದೊಂದಾಗಿ ಆರಿಸಿ ನೋಡಿ. ಬ್ಯಾಟರಿಯಲ್ಲಿ ಸೆಟ್ ನಡೆಸುತ್ತ ಮನೆಯ ಮೈನ್ ಸ್ವಿಚ್ ಇಳಿಸಿದರೆ ಗದ್ದಲ ಮನೆಯದೋ ಬೀದಿಯದೋ ಒಂದೇ ನಿಮಿಷದಲ್ಲಿ ತಿಳಿಯುತ್ತದೆ. ಸೆಟ್ಟಿನೊಳಗಿನ ಆಂಟೆನಾ ಆದ ಫೆರೈಟ್ ಕಡ್ಡಿಯ ಉದ್ದನೆಯ ಪಕ್ಕ ನಿಲಯದ ಕಡೆಗೂ ತುದಿ ಗದ್ದಲದ ಕಡೆಗೂ ಇರುವಂತೆ ಸೆಟ್ಟನ್ನು ತಿರುಗಿಸಿ. ಹೊರಗೆ ಎಳೆಯುವ ಕೋಲು ಆಂಟೆನಾ ಮಧ್ಯಮ ತರಂಗಕ್ಕೆ ಸಾಮಾನ್ಯವಾಗಿ ಕೆಲಸಕ್ಕೆ ಬಾರದು.

612ರ ಪಕ್ಕ 621ರಲ್ಲಿ ಒಂದೇ ಸಮನೆ ಕೊರೆಯುವ ಸದ್ದು ಕೇಳಿದರೆ ಅದು ಸೆಟ್ಟಿನ ದೋಷವಲ್ಲ. ಅನಲಾಗ್ ಜೊತೆ ಡಿಆರ್‌ಎಂ ಬಿಡುವಾಗ ಡಿಜಿಟಲ್ ಭಾಗ ಪಕ್ಕದ 9 ಕಿಲೋಹರ್ಟ್ಸ್‌ನಲ್ಲಿ ಕೂರುತ್ತದೆ. ಕೆಲವು ಹೊಸ ಕಾರುಗಳ ರೇಡಿಯೋ ಅದನ್ನು ಬಿಡಿಸಬಲ್ಲದು.

ಯಾದವಗಿರಿ

ಹೆಸರಿನ ಕಥೆಗೆ ಒಂದು ಸೇರ್ಪಡೆ. 1957ರ ನಂತರವೂ ಇಂಗ್ಲಿಷ್ ಪ್ರಸಾರದಲ್ಲಿ ‘ಆಲ್ ಇಂಡಿಯಾ ರೇಡಿಯೋ’ ಉಳಿದೇ ಇತ್ತು. 2023ರ ಮೇನಲ್ಲಿ ಎಲ್ಲ ಭಾಷೆಗಳಲ್ಲೂ ಆಕಾಶವಾಣಿ ಎಂದೇ ಹೇಳಬೇಕೆಂದು ನಿರ್ದೇಶನ ಹೊರಟಿತು. ಮೈಸೂರಿನ ಒಂದು ಮನೆಯಿಂದ ಹೊರಟ ಪದಕ್ಕೆ ಎಂಬತ್ತೆಂಟು ವರ್ಷ ಹಿಡಿಯಿತು.

ಸಾಧನಕೇರಿ

ಸಂಕೇತ ಧ್ವನಿಯನ್ನೂ ದಾಖಲಿಸಿಬಿಡೋಣ. ಶಿವರಂಜನಿಯ ಛಾಯೆಯ ಆ ರಾಗಸಂಚಾರ ವಾಲ್ಟರ್ ಕೌಫ್‌ಮನ್ ಅವರದು ಎಂಬುದೇ ರೂಢಿಯ ಮಾತು. ಯೂರೋಪಿನಲ್ಲಿ ಯಹೂದಿಗಳಿಗೆ ಬದುಕು ಕಷ್ಟವಾದಾಗ 1934ರಲ್ಲಿ ಮುಂಬೈಗೆ ಬಂದ ಸಂಗೀತಗಾರ ಅವರು, ಮುಂಬೈ ನಿಲಯದಲ್ಲಿ ಪಾಶ್ಚಾತ್ಯ ಸಂಗೀತದ ಹೊಣೆ ಹೊತ್ತಿದ್ದರು. ತಂಬೂರಿಯ ಮೇಲೆ ಕೇಳುವ ಪಿಟೀಲು ಮೆಹ್ಲಿ ಮೆಹ್ತಾ ಅವರದು ಎನ್ನುತ್ತಾರೆ. ಬೆಳಗಿನ ಜಾವ ನಿಲಯ ತೆರೆಯುವ ಮುನ್ನ ಇದನ್ನು ಮತ್ತೆ ಮತ್ತೆ ಹಾಕುವುದಕ್ಕೆ ಕೆಲಸದ ಕಾರಣವೂ ಇತ್ತು. ಕೇಳುಗರು ಮುಳ್ಳನ್ನು ಸರಿಯಾದ ಜಾಗಕ್ಕೆ ತಿರುಗಿಸಿಕೊಳ್ಳಲು, ವಾಲ್ವ್ ಸೆಟ್ಟುಗಳು ಬಿಸಿಯಾಗಲು ಅಷ್ಟು ಹೊತ್ತು ಬೇಕು.

ಹೊಸ ಕಿವಿ

ಕೊನೆಯದಾಗಿ ಒಂದು. ಈಗ ಆ್ಯಪ್‌ನಲ್ಲಿ ಎಲ್ಲ ನಿಲಯಗಳೂ ಸಿಗುತ್ತವೆ. ಅದೇ ಈಗಿನ ಕೊಂಡಿ ಅನ್ನಬಹುದೇ? ಒಂದೇ ವಾರ್ತೆ ರೇಡಿಯೋದಲ್ಲಿ ಮೊದಲು, ಆ್ಯಪ್‌ನಲ್ಲಿ ತಡವಾಗಿ ಕೇಳುವುದು ಯಾಕೆ?

ಟವರ್ ಬುಡ

ಹೊರನಾಡಿನ ಕನ್ನಡಿಗರಿಗೆ ಅದೇ ಕೊಂಡಿ. ಧಾರವಾಡ ನಿಲಯ ದುಬೈಯಲ್ಲೋ ಲಂಡನ್ನಿನಲ್ಲೋ ಸ್ಪಷ್ಟವಾಗಿ ಕೇಳುವುದು ಹಿಂದೆಂದೂ ಆಗದಿದ್ದ ಮಾತು.

ತಡಕ್ಕೆ ಕಾರಣ: ನಿಲಯದಿಂದ ಗೋಪುರಕ್ಕೆ, ಗೋಪುರದಿಂದ ಸೆಟ್ಟಿಗೆ ಹೋಗಲು ಸೆಕೆಂಡಿನ ಸಾವಿರದ ಒಂದೆರಡು ಭಾಗ ಸಾಕು. ಉಪಗ್ರಹದ ದಾರಿಯಲ್ಲಿ ಮೇಲೆ 36,000 ಕಿ.ಮೀ., ಕೆಳಗೆ 36,000 ಕಿ.ಮೀ., ಅಲ್ಲಿಗೆ ಕಾಲು ಸೆಕೆಂಡ್, ಡಿಜಿಟಲ್ ಕುಗ್ಗಿಸುವಿಕೆಗೆ ಇನ್ನಷ್ಟು. ಆ್ಯಪ್ ದನಿಯನ್ನು ತುಂಡು ತುಂಡಾಗಿ ಕಟ್ಟಿ, ಕೆಲವು ತುಂಡು ಸೇರಿದ ಮೇಲೆ ನುಡಿಸಲು ಶುರುಮಾಡುತ್ತದೆ. ಒಟ್ಟು ಹಲವು ಸೆಕೆಂಡುಗಳಿಂದ ಅರ್ಧ ನಿಮಿಷದ ತನಕ ಆಗಬಹುದು, ಫೋನಿನಿಂದ ಫೋನಿಗೆ ಬೇರೆ ಬೇರೆ. ಆದ್ದರಿಂದ ವಾರ್ತೆಯ ಮುಂಚಿನ ಸಮಯದ ಬೀಪಿಗೆ ಗಡಿಯಾರ ಸರಿಮಾಡಿಕೊಳ್ಳುವವರು ಆ್ಯಪನ್ನು ನಂಬಬೇಡಿ, ಮಧ್ಯಮ ತರಂಗದ ಸೆಟ್ಟನ್ನೇ ಹಚ್ಚಿ. ಉಪಗ್ರಹದ ಕಾಲು ಸೆಕೆಂಡ್ ಸೇರಿದರೂ ಕೈಗಡಿಯಾರಕ್ಕೆ ಅಷ್ಟು ನಿಖರತೆ ಧಾರಾಳ.